ಅಂಜಿಕೆ ಇದ್ದಾಗಲೇ ಅಪ್ಪನಿಗೆ ‘ಆಗುವುದಿಲ್ಲ’ ಎಂದ ನನ್ನ ಅನುಭವ

ತಂದೆ-ತಾಯಿಗೆ ‘ಆಗುವುದಿಲ್ಲ’ ಎನ್ನಬೇಕಾದರೆ ಮೊದಲು ಎದೆಯೊಳಗಿನ ಅಂಜಿಕೆ ಹೋಗಬೇಕು ಎಂದು ಬಲ್ಲವರೆಲ್ಲ ನನಗೆ ಹೇಳುತ್ತ ಬಂದರು. ನನ್ನ ಅಂಜಿಕೆ ಹೋಗಲಿಲ್ಲ, ಆದರೂ ಕೆಲಸ ಆಯಿತು, ಎರಡು ವರ್ಷದಿಂದ ಗಟ್ಟಿಯಾಗಿ ನಿಂತಿದೆ. ಇದೇ ತೊಂದರೆಯಲ್ಲಿರುವವರಿಗೆ ಹೆತ್ತವರ ಬೇಡಿಕೆಗಳಿಗೆ ಎಲ್ಲೆ ಏಕೆ ಬೇಕೆಂದು ಬಿಡಿಸಿ ಹೇಳಬೇಕಾಗಿಲ್ಲವಾದ್ದರಿಂದ ನೇರವಾಗಿ ಹಣದ ವಿಷಯಕ್ಕೆ ಬರುತ್ತೇನೆ; ನಮ್ಮ ಮನೆಯಲ್ಲಿ ಅಂಜಿಕೆ ಬರುತ್ತಿದ್ದದ್ದು ಹಣದ ಜೊತೆಗೇ.

ಅಪ್ಪನದು ತಿಕೋಟಾ ಕಡೆ ನಾಲ್ಕು ಎಕರೆ ದ್ರಾಕ್ಷಿ ತೋಟ, ನನ್ನದು ವಿಜಯಪುರದಲ್ಲಿ ನೌಕರಿ. ಏಪ್ರಿಲ್ ಚಾಟ್ನಿಗೆ, ಅಂದರೆ ಬಳ್ಳಿ ಸವರುವ ಕೆಲಸಕ್ಕೆ, ಒಂದು ಕರೆ, ಅಕ್ಟೋಬರ್ ಚಾಟ್ನಿಗೆ ಇನ್ನೊಂದು, ನಡುವೆ ಔಷಧಕ್ಕೆ, ಶೆಡ್ಡಿನ ನೆಟ್ಟಿಗೆ, ಟ್ಯಾಂಕರ್ ನೀರಿಗೆ ಎಂದು ವರ್ಷಕ್ಕೆ ಎರಡೂವರೆ ಲಕ್ಷದ ಹತ್ತಿರ ಹೋಗುತ್ತಿತ್ತು. ಒಣದ್ರಾಕ್ಷಿ ಮಾರಿದ ಲೆಕ್ಕ ಮಾತ್ರ ಎಂದೂ ನನ್ನ ಕಿವಿಗೆ ಬೀಳುತ್ತಿರಲಿಲ್ಲ. ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಜಾಮೀನಿನಿಂದ. ಅಪ್ಪನ ಮಾತಿನ ಮೇಲೆ ಕಾಕಾನ ಮಗನ ಮೂರು ಲಕ್ಷದ ಸಾಲಕ್ಕೆ ಸಹಿ ಹಾಕಿದ್ದೆ. ಅವನು ಕಂತು ನಿಲ್ಲಿಸಿದ ಮೇಲೆ ಸುಮಾರು ನಾಲ್ಕು ವರ್ಷ ನನ್ನ ಪಗಾರದಲ್ಲಿ ತಿಂಗಳಿಗೆ ಆರು ಸಾವಿರದಂತೆ ಮುರಿದುಕೊಂಡರು. ಬೇರೆ ಕರಾರು ಇರದಿದ್ದರೆ ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ ಎಂದು 1872ರ ಒಪ್ಪಂದ ಕಾಯ್ದೆಯ 128ನೆಯ ಕಲಮು ಹೇಳುತ್ತದೆ. ಅದು ತಿಳಿದಿದ್ದರೂ, ಮರುವರ್ಷ ಅಪ್ಪ ಇನ್ನೊಂದು ಜಾಮೀನಿನ ಕಾಗದ ಹಿಡಿದು ಬಂದಾಗ, ನಲವತ್ತು ದಾಟಿದ, ಇಬ್ಬರು ಮಕ್ಕಳ ತಂದೆಯಾದ ನನ್ನ ಬಾಯಿ ಒಣಗಿ ಕೈ ತಣ್ಣಗಾಯಿತು.

ಮೊದಲು ಹಿರಿಯರನ್ನು ಕೂಡಿಸಿದೆವು. ಅವರು ಚಹಾ ಕುಡಿದು, “ತಂದಿ ಮನಸ್ಸು ನೋಯಿಸಬ್ಯಾಡಪಾ” ಎಂದು ನನಗೇ ಬುದ್ಧಿ ಹೇಳಿ ಎದ್ದರು. ಫೋನ್ ಬಂದ್ ಇಟ್ಟರೆ ಅಪ್ಪ ಬಸ್ಸು ಹಿಡಿದು ಬಾಗಿಲಿಗೇ ಬಂದರು. ಉದ್ದನೆಯ ಪತ್ರ ಬರೆದರೆ ಅದನ್ನು ಓಣಿಯ ನಾಲ್ಕು ಮಂದಿಗೆ ತೋರಿಸಿದರು. ಕಾರಣ ಕೊಟ್ಟಷ್ಟೂ ಎದುರಿಗಿನವರಿಗೆ ವಾದಕ್ಕೆ ಜಾಗ ಸಿಗುತ್ತದೆ ಎಂಬುದು ಆ ಪತ್ರದಿಂದ ನನಗೆ ಖಾತ್ರಿಯಾಯಿತು.

ನಡುವೆ ಬೇರೊಂದು ಪ್ರಯೋಗ ಮಾಡಿದೆ. ಅಪ್ಪ ವಾಟ್ಸಾಪಿನಲ್ಲಿ ಕಳಿಸುತ್ತಿದ್ದ ಧ್ವನಿಯನ್ನು ಬಂದ ಕೂಡಲೇ ಕೇಳದೆ, ಊಟವಾದ ಮೇಲೆ ಹೆಂಡತಿಯ ಮುಂದೆ ಜೋರಾಗಿ ಹಚ್ಚಿ ಕೇಳತೊಡಗಿದೆ. ಒಬ್ಬನೇ ಇದ್ದಾಗ ಶಾಪದಂತೆ ಕೇಳಿಸುತ್ತಿದ್ದದ್ದು ಇಬ್ಬರಿದ್ದಾಗ ಬರೀ ಹಣದ ಬೇಡಿಕೆಯಾಗಿ ಕೇಳಿಸಿತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೂ ಒಂದು ರಾತ್ರಿ ಕರೆ ಮಾಡಿದೆ. ಖರ್ಚಿಲ್ಲ, ಕನ್ನಡದಲ್ಲಿ ಮಾತಾಡಬಹುದು, ಮನಸ್ಸು ಹಗುರಾಯಿತು. ಆದರೆ ಅಪ್ಪನ ಎದುರು ಆಡಬೇಕಾದ ಮಾತನ್ನು ನಾನೇ ಹೊಂದಿಸಿಕೊಳ್ಳಬೇಕಾಯಿತು.

ಕೊನೆಗೆ ನಡೆದದ್ದು ಇದು: ಯಾರ ಮನಸ್ಸು ಹೇಗಿರಬೇಕು ಎಂಬ ಚರ್ಚೆಯನ್ನೇ ಬಿಟ್ಟು, ತಾರೀಖು, ಮೊತ್ತ, ವೇಳೆ ಇವುಗಳಿಗೆ ಮಾತ್ರ ಎಲ್ಲೆ ಹಾಕಿದೆ. ಪ್ರತಿ ತಿಂಗಳು ಐದನೆಯ ತಾರೀಖಿಗೆ ಹನ್ನೆರಡು ಸಾವಿರ ರೂಪಾಯಿ ತಾನಾಗಿಯೇ ಅವ್ವನ ಖಾತೆಗೆ ಹೋಗುವಂತೆ ಬ್ಯಾಂಕಿನಲ್ಲಿ ಬರೆದುಕೊಟ್ಟೆ. ಕರೆ ರಾತ್ರಿ ಎಂಟರ ನಂತರ, ಒಂದೇ. ಜಾಮೀನು ಯಾರಿಗೂ ಇಲ್ಲ. ಹೇಳಬೇಕಾದದ್ದನ್ನು ಕಾಗದದಲ್ಲಿ ಬರೆದು ತಿಜೋರಿಯ ಬಾಗಿಲಿನ ಒಳಬದಿಗೆ ಅಂಟಿಸಿದೆ: “ಅಪ್ಪಾ, ಐದನೇ ತಾರೀಖಿಗೆ ರೊಕ್ಕ ಬರ್ತಾವು. ಅದರ ಮ್ಯಾಲ ನನ್ನ ಕಡೆ ಆಗೂದಿಲ್ಲ.” ಅಕ್ಟೋಬರ್ ಚಾಟ್ನಿಯ ಕರೆ ಬಂದಾಗ ತಿಜೋರಿ ತೆರೆದು ಅದರ ಎದುರು ನಿಂತೇ ಮಾತಾಡಿದೆ. “ಸಾಲಾ ಮಾಡಿ ಓದಿಸೀನಿ, ಈಗ ನನಗ ಲೆಕ್ಕಾ ಹೇಳ್ತಿ?” ಎಂದರು. ಕಾಗದ ಓದಿದೆ. “ನಿಮ್ಮವ್ವ ಅಳಾಕತ್ತಾಳ” ಎಂದರು. ಅದನ್ನೇ ಓದಿದೆ. “ಎಸಿ ಸಾಹೇಬರ ಕಡೆ ಅರ್ಜಿ ಕೊಡ್ತೀನಿ” ಎಂದು ಉಪವಿಭಾಗಾಧಿಕಾರಿಯ ಹೆಸರು ಎತ್ತಿದಾಗ ನನ್ನ ಧ್ವನಿ ನಡುಗಿತು, ಮಾತು ಬದಲಾಗಲಿಲ್ಲ.

ಆ ಅರ್ಜಿಯ ವಿಷಯವನ್ನು ಮೊದಲೇ ಓದಿಕೊಂಡಿದ್ದೆ. ಸ್ವಂತ ದುಡಿಮೆ ಅಥವಾ ಆಸ್ತಿಯಿಂದ ಬದುಕು ಸಾಗಿಸಲಾಗದ ತಂದೆ-ತಾಯಿ ಮಕ್ಕಳಿಂದ ಜೀವನಾಂಶ ಕೇಳಲು 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ ಅವಕಾಶ ಕೊಟ್ಟಿದೆ. ಆ ಕಾಯ್ದೆಯಂತೆ ಕೊಡಿಸಬಹುದಾದ ಗರಿಷ್ಠ ಮೊತ್ತ ತಿಂಗಳಿಗೆ 10,000 ರೂಪಾಯಿ. ನಾನು ಕೊಡುತ್ತಿರುವುದು ಅದಕ್ಕಿಂತ ಹೆಚ್ಚು, ಮೇಲಾಗಿ ಅಪ್ಪನಿಗೆ ತೋಟವಿದೆ. ಕಾಯ್ದೆ ಒಳ್ಳೆಯದೇ, ಹೆತ್ತವರನ್ನು ಬೀದಿಗೆ ಬಿಟ್ಟವರಿಗೆ ಅದು ತಟ್ಟಲೇಬೇಕು. ಹನ್ನೆರಡು ಸಾವಿರವನ್ನು ನಾನು ನಿಗದಿ ಮಾಡಿದ್ದೇ ಈ ಲೆಕ್ಕ ನೋಡಿ.

ಅವ್ವ ಅಳುತ್ತ ಕರೆ ಮಾಡಿದರೆ ಹೇಳಲು ಇನ್ನೊಂದು ಮಾತು ಇಟ್ಟುಕೊಂಡಿದ್ದೇನೆ. ಅದು ನಮ್ಮ ಮನೆಯ ಮಾತಾದ್ದರಿಂದ ಇಲ್ಲಿ ಬರೆಯುವುದಿಲ್ಲ.

ಸಂಕ್ರಾಂತಿಯೊಳಗೆ ನೀನೇ ಹೋಗಿ ಅಪ್ಪನ ಕಾಲು ಹಿಡಿಯುತ್ತಿ ಎಂದು ಭಾವ ನನಗೆ ಹೇಳಿದ್ದರು. ಸಂಕ್ರಾಂತಿಗೆ ಹೋದೆ, ಎಳ್ಳು-ಬೆಲ್ಲ ಕೊಟ್ಟು ನಮಸ್ಕರಿಸಿ ಬಂದೆ. ಅಪ್ಪ ಮಾತಾಡಲಿಲ್ಲ, ನಾನು ಮೊತ್ತ ಹೆಚ್ಚಿಸಲಿಲ್ಲ. ಮುಂದಿನ ಏಪ್ರಿಲ್ ಚಾಟ್ನಿಗೆ ಅವರು ಕೋಲ್ಡ್ ಸ್ಟೋರೇಜಿನಲ್ಲಿ ದರಕ್ಕಾಗಿ ಹಿಡಿದಿಟ್ಟಿದ್ದ ಒಣದ್ರಾಕ್ಷಿಯಲ್ಲಿ ಸ್ವಲ್ಪ ಮಾರಿ ಕೂಲಿ ತೀರಿಸಿದರು, ಮತ್ತು ಮಾರಿದ ದರವನ್ನು ಮೊದಲ ಸಲ ನನಗೆ ಹೇಳಿದರು. ನನಗೆ ವರ್ಷಕ್ಕೆ ಲಕ್ಷದ ಮೇಲೆ ಉಳಿಯಿತು. ಮಗಳ ಪಿಯುಸಿಗೆ ಸಾಲ ಮಾಡಲಿಲ್ಲ. ಅಪ್ಪನ ಕರೆ ಬಂದರೆ ಹೊಟ್ಟೆ ಈಗಲೂ ಹಿಂಡುತ್ತದೆ, ಆದರೆ ಫೋನ್ ಎತ್ತುತ್ತೇನೆ, ಬೆಳೆಯ ಮಾತು ಕೇಳುತ್ತೇನೆ.

ಒಂದೇ ಸೂರಿನಡಿ ಇರುವವರಿಗೆ ಈ ಕ್ರಮ ಇದ್ದಂತೆಯೇ ನಡೆಯಲಾರದು. ಅಂಥವರು ಮೊದಲು ಪಗಾರದ ಖಾತೆಯ ಪಾಸ್‌ಬುಕ್ಕು, ಎಟಿಎಂ ಕಾರ್ಡು ತಮ್ಮ ಕೈಗೆ ತೆಗೆದುಕೊಳ್ಳಲಿ. ಕರೆಯ ವೇಳೆ, ಜಾಮೀನು ಎಲ್ಲ ಆಮೇಲೆ.