ಬ್ಯಾಟರಿ ಟೆಂಡರ್ ದರವನ್ನು ಯೂನಿಟ್ ಲೆಕ್ಕಕ್ಕೆ ತರುವುದು ಹೇಗೆ?

2024ರ ನವೆಂಬರ್‌ನಲ್ಲಿ ರಾಜಸ್ಥಾನದ ಬ್ಯಾಟರಿ ಟೆಂಡರ್‌ನಲ್ಲಿ (ಗ್ರಿಡ್‌ಗಾಗಿ ಕರೆಂಟು ಕೂಡಿಡುವ ದೊಡ್ಡ ಬ್ಯಾಟರಿಗಳು) 2.21 ಲಕ್ಷ ರೂಪಾಯಿ ದರ ಬಂತು. ನನ್ನ ಸ್ನೇಹಿತರೊಬ್ಬರು ಅದನ್ನು ಯೂನಿಟ್‌ಗೆ 2 ರೂಪಾಯಿ 21 ಪೈಸೆ ಅಂತ ಓದಿಕೊಂಡು ಎಲ್ಲರಿಗೂ ಹಂಚಿದರು. ಅದು ವಿದ್ಯುತ್ತಿನ ಬೆಲೆಯೇ ಅಲ್ಲ. ಒಂದು ಮೆಗಾವ್ಯಾಟ್ ಬ್ಯಾಟರಿಗೆ ತಿಂಗಳ ಬಾಡಿಗೆ.

ಮೊದಲು, ಎಷ್ಟು ಗಂಟೆಯ ಬ್ಯಾಟರಿ ನೋಡಿ. ಅಲ್ಲಿದ್ದದ್ದು 500 ಮೆಗಾವ್ಯಾಟ್, 1000 ಮೆಗಾವ್ಯಾಟ್-ಅವರ್. ಅಂದರೆ ಎರಡು ಗಂಟೆ. ಒಂದು ಸಲ ತುಂಬಿಸಿದರೆ ಒಂದು ಮೆಗಾವ್ಯಾಟ್‌ಗೆ 2000 ಯೂನಿಟ್.

ಆಮೇಲೆ ಬಾಡಿಗೆಯನ್ನು ಭಾಗಿಸಿ. ಎಲ್ಲರೂ ಎಡವುವುದು ಇಲ್ಲೇ. ದಿನಕ್ಕೆ ಒಂದು ಸಲ ತುಂಬಿಸಿ ಖಾಲಿ ಮಾಡಿದರೆ ತಿಂಗಳಿಗೆ 60,000 ಯೂನಿಟ್. 2.21 ಲಕ್ಷವನ್ನು ಅದರಿಂದ ಭಾಗಿಸಿದರೆ ಯೂನಿಟ್‌ಗೆ 3 ರೂ. 68 ಪೈಸೆ. ದಿನಕ್ಕೆ ಎರಡು ಸಲವಾದರೆ 1 ರೂ. 84 ಪೈಸೆ. ಮಾರುವವರು ಹೇಳುವುದು ಯಾವಾಗಲೂ ಎರಡನೆಯದನ್ನೇ! ಆದರೆ ಎರಡನೇ ಸಲ ತುಂಬಿಸುವುದು ಯಾವಾಗ? ಮಧ್ಯಾಹ್ನದ ಸೋಲಾರ್ ಮೊದಲ ಸಲಕ್ಕೇ ಹೋಗಿರುತ್ತದೆ. ರಾತ್ರಿ ತುಂಬಿಸಿದರೆ ಆ ಕರೆಂಟು ಅಗ್ಗಕ್ಕೆ ಸಿಗುವುದು ಕಷ್ಟ. ಹಾಗಾಗಿ ಒಂದೇ ಸಲಕ್ಕೆ ಲೆಕ್ಕ ಹಾಕಿ. ಎರಡನೆಯದು ಸಿಕ್ಕರೆ ಲಾಭ ಅಂದುಕೊಳ್ಳಿ.

ಇನ್ನೂ ಮುಗಿದಿಲ್ಲ. ಈ ಬಾಡಿಗೆಯಲ್ಲಿ ತುಂಬಿಸುವ ಕರೆಂಟು ಸೇರಿಲ್ಲ. 100 ಯೂನಿಟ್ ಹಾಕಿದರೆ 85 ವಾಪಸ್ ಬರುತ್ತದೆ ಅಂತಿಟ್ಟುಕೊಳ್ಳಿ. ಎರಡೂವರೆ ರೂಪಾಯಿಯ ಸೋಲಾರ್ ಹೊರಬರುವ ಹೊತ್ತಿಗೆ 2 ರೂ. 94 ಪೈಸೆ ಆಗಿರುತ್ತದೆ. ಒಟ್ಟು 6 ರೂ. 62 ಪೈಸೆ. ಸ್ನೇಹಿತರ ಲೆಕ್ಕದ ಮೂರು ಪಟ್ಟು, ಅಲ್ವಾ?

ಸಬ್ಸಿಡಿ ಇದೆಯಾ ನೋಡಿ. 2022ರಲ್ಲಿ ಕೇಂದ್ರ ಸರ್ಕಾರದ ಸೋಲಾರ್ ಕಂಪನಿ ಸೆಕಿ ಕರೆದ ಟೆಂಡರ್‌ನಲ್ಲಿ ದರ 10.84 ಲಕ್ಷ ಇತ್ತು. ಎರಡೇ ವರ್ಷದಲ್ಲಿ ಐದನೇ ಒಂದು ಭಾಗಕ್ಕೆ ಬಂದದ್ದಕ್ಕೆ ದೊಡ್ಡ ಕಾರಣ ಲಿಥಿಯಂ ಬೆಲೆ ಕುಸಿದದ್ದು. ಆದರೆ ರಾಜಸ್ಥಾನದ ದರದ ಹಿಂದೆ ಕೇಂದ್ರದ ನೆರವೂ ಇತ್ತು. ನೆರವಿದ್ದದ್ದನ್ನೂ ಇಲ್ಲದ್ದನ್ನೂ ಒಂದೇ ತಕ್ಕಡಿಗೆ ಹಾಕಿ "ಇಷ್ಟು ಇಳಿಯಿತು" ಅನ್ನಬೇಡಿ.

ಯೋಜನೆಯ ವೆಚ್ಚ ಅಂದಾಜಿಸಲು ಕೆಲವರು ಸುಮ್ನೆ ಬ್ಯಾಟರಿ ಕಂಟೇನರ್‌ನ ಕೊಟೇಶನ್ ತೆಗೆದುಕೊಂಡು ಡಾಲರ್ ದರದಿಂದ ಗುಣಿಸುತ್ತಾರೆ. ಅದು ಸಾಮಾನ್ಯವಾಗಿ ಚೀನಾದ ಬಂದರಿನ ಬೆಲೆ. ಹಡಗಿನ ಬಾಡಿಗೆ, ಸುಂಕ, ಜಿಎಸ್‌ಟಿ, ಇನ್ವರ್ಟರ್, ಟ್ರಾನ್ಸ್‌ಫಾರ್ಮರ್, ಅಡಿಪಾಯ, ಸಬ್‌ಸ್ಟೇಷನ್‌ವರೆಗಿನ ಲೈನು, ಯಾವುದೂ ಅದರಲ್ಲಿ ಇರುವುದಿಲ್ಲ. ಬ್ಯಾಟರಿ ಸವೆದಂತೆ ನಡುವೆ ಸೇರಿಸಬೇಕಾದ ಹೊಸ ಕಂಟೇನರ್‌ಗಳದ್ದೂ ಇಲ್ಲ. ಗ್ಯಾರಂಟಿ ಕೊಟ್ಟ ಯೂನಿಟ್‌ಗಳನ್ನು ಬ್ಯಾಟರಿಯ ತುದಿಯಲ್ಲಿ ಅಳೆಯುತ್ತಾರೋ, ಗ್ರಿಡ್ ಮೀಟರ್‌ನಲ್ಲೋ ಅಂತ ಕೇಳಿ. ಬ್ಯಾಟರಿಯ ತುದಿ ಅಂದರೆ ಅಲ್ಲಿಂದ ಗ್ರಿಡ್‌ವರೆಗಿನ ನಷ್ಟ ಲೆಕ್ಕಕ್ಕೆ ಬಂದಿರುವುದಿಲ್ಲ; ಆ ಕೊಟೇಶನ್ ಪಕ್ಕಕ್ಕಿಟ್ಟು ಬೇರೆ ತರಿಸಿ.