ಫೈಲ್ ಇತ್ತು, ಫಾಂಟ್ ಇರಲಿಲ್ಲ

ಗದಗಿನಲ್ಲಿ ಪ್ರಿಂಟಿಂಗ್ ಪ್ರೆಸ್‌ಗಳಿಗೆ ಬರ ಇಲ್ಲ. ಅಂಥ ಒಂದು ಪ್ರೆಸ್‌ನಲ್ಲಿ ನಾನು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ ಮಾಡುತ್ತೇನೆ. ಬಿಲ್ ಬುಕ್, ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ಎಲ್ಲಾ. ಕೆಲವು ವರ್ಷಗಳ ಹಿಂದೆ ನಮ್ಮ ಹಾರ್ಡ್‌ಡಿಸ್ಕ್ ಕೈಕೊಟ್ಟಿತು. ಕೆಲಸದ ಫೈಲ್‌ಗಳ ಕಾಪಿ ಬೇರೆ ಡ್ರೈವಿನಲ್ಲಿತ್ತು. ಹಾಗಾಗಿ ಹೊಸ ಡಿಸ್ಕಿಗೆ ವಿಂಡೋಸ್ ಹಾಕಿಸಿ ನಿಶ್ಚಿಂತೆಯಿಂದ ಇದ್ದೆ.

ಮೂರನೇ ದಿನ ದಲಾಲಿ ಅಂಗಡಿಯ ಕಾಕಾ ಬಂದರು. "ತಮ್ಮಾ, ಬಿಲ್ ಬುಕ್ ಮುಗದಾವ. ಹೋದ ಸಲದ್ದ ಹಾಕು, ಏನೂ ಬದಲ ಮಾಡಬ್ಯಾಡ."

ಡಿಸೈನ್ ಮಾಡುವ ಸಾಫ್ಟ್‌ವೇರ್ ಕೋರೆಲ್‌ನಲ್ಲಿ ಫೈಲ್ ತೆರೆದೆ. 'ಗದಗ' ಅಂತ ಇರಬೇಕಾದ ಜಾಗದಲ್ಲಿ ಇಂಗ್ಲಿಷಿನ ಯು, ಝಡ್, ಯು. ಪ್ರತಿಯೊಂದರ ಪಕ್ಕ ತಲೆ ಮೇಲೆ ಗೀಟಿರುವ ಒಂದೊಂದು ಎ. 'ನ' ಇದ್ದಲ್ಲೆಲ್ಲಾ ಪೌಂಡಿನ ಗುರುತು.

ಆ ಫೈಲಿಗೆ ಬಳಸಿದ್ದ ನುಡಿ ಫಾಂಟ್, ಅಂದರೆ ಅಕ್ಷರಗಳ ರೂಪ ಇರುವ ಫೈಲ್, ಹೊಸ ಡಿಸ್ಕಿನಲ್ಲಿ ಇರಲಿಲ್ಲ. ಹಳೆಯ ನುಡಿ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ರೂಪ ಕೂರಿಸುತ್ತವೆ. ಫೈಲಿನಲ್ಲಿ ಕನ್ನಡ ಇರುವುದೇ ಇಲ್ಲ, ಇರುವುದೆಲ್ಲಾ ಫಾಂಟಿನಲ್ಲಿ. ಇನ್ನೊಂದು ಕನ್ನಡ ಸಾಫ್ಟ್‌ವೇರ್ ಶ್ರೀಲಿಪಿಯ ಜೋಡಣೆ ಬೇರೆ, ಒಂದರ ಬದಲು ಇನ್ನೊಂದು ನಡೆಯುವುದಿಲ್ಲ. ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತ ಇರುವ ಯೂನಿಕೋಡಿಗೆ ಈ ತೊಂದರೆ ಇಲ್ಲ. ಆದರೆ ಪೇಜ್‌ಮೇಕರ್ ಎಂಬ ಹಳೆಯ ಪುಟ ಜೋಡಿಸುವ ಸಾಫ್ಟ್‌ವೇರಿನ ಕಾಲದಿಂದ ಬಂದ ನಮ್ಮ ಕೆಲಸವೆಲ್ಲಾ ಹಳೆಯ ಫಾಂಟಿನಲ್ಲೇ ಇದೆ. ಎಲ್ಲವನ್ನೂ ಮತ್ತೆ ಟೈಪ್ ಮಾಡುತ್ತಾ ಕೂರೋಕಾಗಲ್ಲ, ಅಲ್ವಾ?

ಅದೇ ಹೆಸರಿನ ಫಾಂಟನ್ನು ಇಂಟರ್‌ನೆಟ್ಟಿನಿಂದ ಇಳಿಸಿ ಹಾಕಿದೆ. ಅಕ್ಷರಗಳು ಬಂದವು. ಪ್ರೂಫ್ ತೆಗೆದು ತೋರಿಸಿದೆ. ಕಾಕಾ ಹಳೆಯ ಬಿಲ್ ಪಕ್ಕದಲ್ಲಿಟ್ಟು 'ವರ್ತಕರು' ಪದದ ಮೇಲೆ ಬೆರಳಿಟ್ಟರು. ಅರ್ಕಾವತ್ತು ಪಕ್ಕದ 'ಕ'ಕ್ಕೆ ತಾಗಿತ್ತು. "ಇದು ನಮ್ಮ ಅಕ್ಷರ ಅಲ್ಲೋ," ಅಂದರು. ಸರಿಯಾಗೇ ಹೇಳಿದರು. ಕೊನೆಗೆ ಇನ್ನೊಂದು ಪ್ರೆಸ್‌ನ ಹಳೇ ಎಕ್ಸ್‌ಪಿ ಕಂಪ್ಯೂಟರಿನಿಂದ ಪೆನ್‌ಡ್ರೈವಿನಲ್ಲಿ ಆ ಫಾಂಟ್ ತಂದೆ. ಎರಡರ ಹೆಸರೂ ಒಂದೇ, ಆದರೆ ಫೈಲ್ ಸೈಜ್ ಬೇರೆ ಬೇರೆ. ಅವತ್ತಿನಿಂದ ಹೆಸರೊಂದನ್ನೇ ನಂಬುವುದು ಬಿಟ್ಟೆ.

ಈಗ ಡಿ ಡ್ರೈವಿನಲ್ಲಿ ಒಂದು ಫಾಂಟ್ ಫೋಲ್ಡರ್ ಇದೆ. ಅದರೊಳಗೆ ನುಡಿ, ಬರಹ, ಶ್ರೀಲಿಪಿ, ಯೂನಿಕೋಡ್, ಇಂಗ್ಲಿಷ್ ಬೇರೆ ಬೇರೆ. ಇದೇ ಮೂಲ ಪ್ರತಿ, ಇದರ ಕಾಪಿ ಹೊರಗಿನ ಡ್ರೈವಿನಲ್ಲೂ ಇದೆ. ಮುಂಚೆ ಸಿಕ್ಕಿದ್ದನ್ನೆಲ್ಲಾ ಸುಮ್ನೆ ಇನ್‌ಸ್ಟಾಲ್ ಮಾಡಿ ಎರಡು ಸಾವಿರದ ಮೇಲೆ ಮಾಡಿದ್ದೆ. ಕೋರೆಲ್ ತೆರೆಯುವಷ್ಟರಲ್ಲಿ ಒಂದು ಚಹಾ ಮುಗಿಯುತ್ತಿತ್ತು. ಈಗ ದಿನಾ ಬೇಕಾಗುವ ನೂರೈವತ್ತು ಮಾತ್ರ ಹಾಕಿದ್ದೇನೆ. ಇನ್ನೊಂದು ಮಾತು. 2018ರ ಕೊನೆಯಲ್ಲಿ ಬಂದ ವಿಂಡೋಸ್ 10ರ ಅಪ್‌ಡೇಟ್‌ನಿಂದ ಈಚೆಗೆ, ಬರೀ ಇನ್‌ಸ್ಟಾಲ್ ಒತ್ತಿದರೆ ಫಾಂಟ್ ಆ ಲಾಗಿನ್‌ಗೆ ಮಾತ್ರ ಸೇರುತ್ತದೆ. ನಮ್ಮ ಹುಡುಗನ ಲಾಗಿನ್‌ನಲ್ಲಿ ಕಾಣದೆ ಅರ್ಧ ದಿನ ಹೋಯಿತು. ರೈಟ್ ಕ್ಲಿಕ್ ಮಾಡಿ 'ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್' ಕೊಡಬೇಕು.

ಪ್ರಿಂಟರಿನದ್ದು ಬೇರೆ ಕಥೆ. ಲೇಸರ್ ಪ್ರಿಂಟರಿನ ಒಳಗೂ ಕೆಲವು ಫಾಂಟ್ ಇರುತ್ತವೆ. ನಮ್ಮದರಲ್ಲಿ ಕನ್ನಡದ್ದು ಒಂದೂ ಇರಲಿಲ್ಲ. ಕನ್ನಡ ಫಾಂಟ್ ಕಂಪ್ಯೂಟರಿನಿಂದಲೇ ಹೋಗಿ ಪ್ರಿಂಟರಿನ ಮೆಮೊರಿಯಲ್ಲಿ ಕೂರಬೇಕು, ಕರೆಂಟ್ ಹೋದರೆ ಅದೂ ಹೋಯಿತು. ಡ್ರೈವರಿನ ಅಡ್ವಾನ್ಸ್ಡ್ ಸೆಟ್ಟಿಂಗ್‌ನಲ್ಲಿ ಟ್ರೂಟೈಪ್ ಫಾಂಟ್ ಅಂತ ಇರುವಲ್ಲಿ 'ಡಿವೈಸ್ ಫಾಂಟ್' (ಪ್ರಿಂಟರಿನ ಒಳಗಿನದು) ತೆಗೆದು 'ಡೌನ್‌ಲೋಡ್ ಆ್ಯಸ್ ಸಾಫ್ಟ್ ಫಾಂಟ್' ಇಟ್ಟಿದ್ದೇನೆ. ಆಮೇಲೂ ಅಕ್ಷರ ಕೆಟ್ಟರೆ ಪಿಡಿಎಫ್ ಮಾಡಿ ಆಕ್ರೊಬ್ಯಾಟ್‌ನಲ್ಲಿ 'ಪ್ರಿಂಟ್ ಆ್ಯಸ್ ಇಮೇಜ್' ಕೊಡುತ್ತೇನೆ. ನಿಧಾನ, ಆದರೆ ಅಕ್ಷರ ಕದಲುವುದಿಲ್ಲ.

ಅಚ್ಚಿನ ಪ್ಲೇಟ್ ಮಾಡಿಸಲು ಹುಬ್ಬಳ್ಳಿಗೆ ಕಳಿಸುವುದು ಸಾಮಾನ್ಯವಾಗಿ ಪಿಡಿಎಫ್. ಕಳಿಸುವ ಮುಂಚೆ ಆಕ್ರೊಬ್ಯಾಟ್‌ನಲ್ಲಿ ಕಂಟ್ರೋಲ್ ಡಿ ಒತ್ತಿ ಫಾಂಟ್ಸ್ ಟ್ಯಾಬ್ ನೋಡುತ್ತೇನೆ. ಪ್ರತಿ ಹೆಸರಿನ ಮುಂದೆ 'ಎಂಬೆಡೆಡ್', ಅಂದರೆ ಫಾಂಟ್ ಪಿಡಿಎಫ್ ಒಳಗೇ ಸೇರಿದೆ ಅಂತ, ಇರಲೇಬೇಕು. ಕೋರೆಲ್ ಫೈಲನ್ನೇ ಕೇಳಿದರೆ ಕಂಟ್ರೋಲ್ ಕ್ಯೂ ಒತ್ತಿ ಅಕ್ಷರಗಳನ್ನು ಕರ್ವ್, ಅಂದರೆ ಫಾಂಟ್ ಬೇಡದ ಬರೀ ಗೆರೆಯ ಆಕಾರ, ಮಾಡಿ ಕೊಡುತ್ತೇನೆ. ಕರ್ವ್ ಆದ ಮೇಲೆ ಒಂದು ಹೆಸರು ತಿದ್ದಬೇಕೆಂದರೂ ಮತ್ತೆ ಟೈಪ್ ಮಾಡಬೇಕು, ಅದಕ್ಕೇ ಮೂಲ ಫೈಲ್ ಬೇರೆ ಇಡುತ್ತೇನೆ.

ಕಾಕಾ ಅವರ ಫೋಲ್ಡರಿನಲ್ಲಿ ಈಗ ಮೂಲ ಫೈಲ್, ಕರ್ವ್ ಫೈಲ್, ಪಿಡಿಎಫ್, ಬಳಸಿದ ಫಾಂಟ್ ಎಲ್ಲಾ ಒಟ್ಟಿಗೇ ಇವೆ. ಅವರು ಬೆರಳಿಟ್ಟು ತೋರಿಸಿದ ಹಳೆಯ ಬಿಲ್ಲಿನ ಸ್ಕ್ಯಾನ್ ಕೂಡ ಇದೆ. ಪ್ರತಿ ಸಲ ಪ್ರಿಂಟಿಗೆ ಹಾಕುವ ಮುಂಚೆ 'ವರ್ತಕರು' ಪದವನ್ನು ಅದರ ಜೊತೆ ಇಟ್ಟು ನೋಡುತ್ತೇನೆ.