ಬಟನ್ ನೋಡಿ ಮೋಸಹೋಗಬೇಡಿ: ಜರ್ಮನಿಗೆ ಹೊರಟವರಿಗೆ ಟೈರಿನ ಪಾಠ

ಜರ್ಮನಿಯಲ್ಲಿ ಮಕ್ಕಳ ಶಾಲೆಗೆ ಎರಡು ವಾರ ರಜೆ ಸಿಕ್ಕಿತೆಂದು ಜೂನ್ ಮೊದಲ ವಾರ ದಾವಣಗೆರೆಗೆ ಬಂದಿದ್ದೇನೆ. ಬಂದ ಮೂರನೆಯ ಸಂಜೆಯೇ ಹಿಂದಿನ ಬೀದಿಯ ಹುಡುಗನೊಬ್ಬ ಮನೆಗೆ ಬಂದ. ಸೆಪ್ಟೆಂಬರಿನಲ್ಲಿ ಸ್ಟುಟ್‌ಗಾರ್ಟ್ ಕಡೆಗೆ ಕೆಲಸಕ್ಕೆ ಹೊರಟವನು. ಅಮ್ಮ ಮಂಡಕ್ಕಿ, ಮಿರ್ಚಿ ತಂದಿಟ್ಟರು. "ಅಣ್ಣಾ, ಅಲ್ಲಿಗೆ ಹೋಗಿ ಒಂದು ತಿಂಗಳೊಳಗೆ ಹಳೆಯ ಕಾರೊಂದನ್ನು ಕೊಳ್ಳಬೇಕೆಂದಿದ್ದೇನೆ, ಏನೇನು ನೋಡಬೇಕು?" ಎಂದು ಕೇಳಿದ. ಎಂಜಿನ್ ಬಗ್ಗೆ ಏನಾದರೂ ಗುಟ್ಟು ಹೇಳುತ್ತೇನೆಂದು ಕಾದಿದ್ದ. ನಾನು ಟೈರಿನ ಮಾತೆತ್ತಿದೆ. ಇಷ್ಟೇನಾ ಎಂಬಂತೆ ಅವನು ಮಿರ್ಚಿಗೆ ಕೈ ಹಾಕಿದ.

ಒಂಬತ್ತು ವರ್ಷಗಳ ಹಿಂದೆ ಯಾರಾದರೂ ನನಗೆ ಹೇಳಿದ್ದರೂ ನಾನೂ ಹಾಗೆಯೇ ಮಾಡುತ್ತಿದ್ದೆ. ಆದ್ದರಿಂದಲೇ ಇದನ್ನು ಬರೆದಿಡುತ್ತಿದ್ದೇನೆ. ನಮ್ಮ ಲೈಸೆನ್ಸ್ ಅಲ್ಲಿ ಆರು ತಿಂಗಳು ಮಾತ್ರ ನಡೆಯುತ್ತದೆ, ಅಲ್ಲಿ ಬಲಗಡೆ ಓಡಿಸಬೇಕು, ಇವೆಲ್ಲ ವೀಸಾ ಬರುವ ಮೊದಲೇ ಎಲ್ಲರಿಗೂ ಗೊತ್ತಿರುತ್ತದೆ. ಅವುಗಳನ್ನು ಬಿಟ್ಟುಬಿಡುತ್ತೇನೆ.

2017ರ ಅಕ್ಟೋಬರಿನಲ್ಲಿ ನಾನು ಮೊದಲ ಕಾರು ಕೊಂಡೆ. ಮಾರಿದಾತ ಸಭ್ಯ ವೃದ್ಧ. ಜಾಹೀರಾತಿನಲ್ಲಿ 'ಅಖ್ಟ್‌ಫಾಖ್ ಬೆರೈಫ್ಟ್' ಎಂದು ಬರೆದಿದ್ದ. ಅಂದರೆ ಕಾರಿನ ಜೊತೆ ಎಂಟು ಟೈರು: ನಾಲ್ಕು ಬೇಸಿಗೆಯವು, ನಾಲ್ಕು ಚಳಿಗಾಲದವು. ಒಂದಕ್ಕೆ ಒಂದು ಉಚಿತ ಎಂಬಂತೆ ನನಗೆ ಹಿಗ್ಗು. ನೆಲಮಾಳಿಗೆಗೆ ಕರೆದೊಯ್ದು ತೋರಿಸಿದ. ರಿಮ್ ಸಮೇತ ಒಂದರ ಮೇಲೊಂದು ಒಪ್ಪವಾಗಿ ಪೇರಿಸಿಟ್ಟಿದ್ದ, ಧೂಳಿಲ್ಲ, ಮಣ್ಣಿಲ್ಲ. ದಾವಣಗೆರೆಯಲ್ಲಿ ಬೆಳೆದವನಿಗೆ ಟೈರು ನೋಡುವುದನ್ನು ಯಾರೂ ಕಲಿಸಬೇಕಾಗಿಲ್ಲ ಎಂಬ ಜಂಬ ನನ್ನದು. ಬಟನ್ ಮೇಲೆ, ಅಂದರೆ ರಸ್ತೆಗೆ ತಾಗುವ ಮೈಯ ಉಬ್ಬುತಗ್ಗುಗಳ ಮೇಲೆ, ಬೆರಳಾಡಿಸಿದೆ. ಆಳ ಏಳು ಮಿಲಿಮೀಟರಿಗೆ ಹತ್ತಿರವಿತ್ತು. ಹೊಸ ಟೈರಿನ ಆಳವೇ ಸುಮಾರು ಎಂಟು. ಕೈಕುಲುಕಿ ಹಣ ಕೊಟ್ಟೆ.

ಜನವರಿಯ ಒಂದು ಬೆಳಿಗ್ಗೆ, ನಮ್ಮ ಬಡಾವಣೆಯಿಂದ ಮುಖ್ಯರಸ್ತೆಗಿಳಿಯುವ ಇಳಿಜಾರಿನಲ್ಲಿ ಬ್ರೇಕ್ ಒತ್ತಿದೆ. ತೆಳ್ಳಗೆ ಹಿಮ ಬಿದ್ದಿತ್ತು, ಅಷ್ಟೇ. ಕಾರು ನಿಲ್ಲಲಿಲ್ಲ. ವೇಗವೇನೂ ಇರಲಿಲ್ಲ, ಇಪ್ಪತ್ತೈದು ಕಿಲೋಮೀಟರ್ ಇದ್ದಿರಬಹುದು. ಪಾದದಡಿಯಲ್ಲಿ ಬ್ರೇಕ್ ಗರಗರ ಎನ್ನುತ್ತಿದೆ, ಸ್ಟಿಯರಿಂಗ್ ತಿರುಗುತ್ತಿದೆ, ಕಾರು ಮಾತ್ರ ತನ್ನ ಪಾಡಿಗೆ ತಾನು ನೇರವಾಗಿ ಜಾರಿಕೊಂಡು ಹೋಗಿ ಪಾದಚಾರಿ ಮಾರ್ಗದ ಕಲ್ಲಿಗೆ ಮುಂದಿನ ಬಲಚಕ್ರವನ್ನು ಬಡಿಯಿತು. ಅದೇ ಇಳಿಜಾರಿನಲ್ಲಿ ನನ್ನ ಹಿಂದೆ ಬಂದ ಅಜ್ಜಿಯೊಬ್ಬರ ಪುಟ್ಟ ಕಾರು ತಣ್ಣಗೆ ನಿಂತು, ಪಕ್ಕಕ್ಕೆ ಸರಿದು, ಮುಂದೆ ಹೋಯಿತು.

ಗ್ಯಾರೇಜಿನವನು ಕಾರನ್ನು ಮೇಲೆತ್ತಿದ. ರಿಮ್ ನೋಡುವ ಮೊದಲು ಟಾರ್ಚ್ ಹಿಡಿದು ಟೈರಿನ ಒಳಮೈಯನ್ನು ಹುಡುಕಿದ. ಹುಡುಕಿ, ನನ್ನನ್ನು ಕರೆದು ಬೆರಳಿಟ್ಟು ತೋರಿಸಿದ: 4108. ಆ ಟೈರು 2008ನೇ ಇಸವಿಯ 41ನೇ ವಾರದಲ್ಲಿ ಹುಟ್ಟಿತ್ತು. ಬಳಸದೆ ನೆಲಮಾಳಿಗೆಯಲ್ಲಿ ಕುಳಿತೇ ಮುದಿಯಾಗಿತ್ತು. ಅವನು ಉಗುರನ್ನು ಬಟನ್ ಮೇಲೆ ಒತ್ತಿದ, ಗುರುತೇ ಮೂಡಲಿಲ್ಲ. ಪಕ್ಕದಲ್ಲಿದ್ದ ಹೊಸ ಚಳಿಗಾಲದ ಟೈರಿಗೆ ಒತ್ತಿದ, ಉಗುರು ಕಚ್ಚಿತು. ಇಷ್ಟು ಕಲಿಯಲು ನಾನು ತೆತ್ತದ್ದು ರಿಮ್, ಸಸ್ಪೆನ್ಶನ್ನಿನ ಒಂದು ಭಾಗ, ಅಲೈನ್‌ಮೆಂಟ್, ನಾಲ್ಕು ಹೊಸ ಟೈರು ಎಲ್ಲ ಸೇರಿ 1300 ಯೂರೋ. ಮೂರನೆಯವರಿಗಾಗುವ ಹಾನಿಯ ವಿಮೆ ಮಾತ್ರ ಮಾಡಿಸಿದ್ದೆನಾದ್ದರಿಂದ ಒಂದು ಸೆಂಟೂ ವಾಪಸ್ ಬರಲಿಲ್ಲ.

ಹಾಗಾಗಿ ಆ ನಾಲ್ಕು ಅಂಕಿಗಳ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಟೈರಿನ ಪಕ್ಕದ ಗೋಡೆಯ ಮೇಲೆ ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಉದ್ದನೆಯ ಸಂಕೇತ ಇರುತ್ತದೆ. ಅದರ ಕೊನೆಯ ನಾಲ್ಕು ಅಂಕಿಗಳೇ ಜಾತಕ. ಮೊದಲೆರಡು ವಾರ, ನಂತರದೆರಡು ವರ್ಷ. 2000ಕ್ಕಿಂತ ಮೊದಲಿನವಕ್ಕೆ ಮೂರೇ ಅಂಕಿ; ಅಂಥದ್ದು ಸಿಕ್ಕರೆ ಮಾರುವವನಿಗೆ ನಮಸ್ಕಾರ ಹೇಳಿ ಹೊರಟುಬಿಡಿ. ಕುತ್ತು ಇರುವುದು ಇನ್ನೊಂದು ಕಡೆ. ಎಷ್ಟೋ ಟೈರುಗಳಲ್ಲಿ ಈ ಪೂರ್ತಿ ಸಂಕೇತ ಒಂದೇ ಬದಿಯಲ್ಲಿರುತ್ತದೆ. ಇನ್ನೊಂದು ಬದಿಯಲ್ಲೂ ಡಿಒಟಿ ಎಂದಿರುತ್ತದೆ, ಆದರೆ ವಾರ, ವರ್ಷ ಇರುವುದಿಲ್ಲ. ರಿಮ್ಮಿಗೆ ಹಾಕುವಾಗ ಪೂರ್ತಿ ಸಂಕೇತವಿರುವ ಬದಿ ಒಳಗೆ ಹೋದರೆ ನೀವು ಹೊರಗಿನಿಂದ ಎಷ್ಟು ಇಣುಕಿದರೂ ಕಾಣದು. ನನ್ನ ನಾಲ್ಕರಲ್ಲಿ ಮೂರು ಹಾಗೆಯೇ ಇದ್ದವು. ನಾಲ್ಕನೆಯದರ ಮೇಲೆ ಅಂಕಿ ಹೊರಗೇ ಇತ್ತು, ನಾನು ಅದನ್ನು ತಯಾರಿಕೆಯ ಯಾವುದೋ ನಂಬರು ಎಂದುಕೊಂಡಿದ್ದೆ. ಆದ್ದರಿಂದ ಎಂಟೂ ಟೈರುಗಳನ್ನು ಮಗುಚಿ ನೋಡಿ. ಕಾರಿನಲ್ಲಿ ಕೂತಿರುವ ನಾಲ್ಕರಲ್ಲಿ ಮುಂದಿನವಕ್ಕೆ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ, ಹಿಂದಿನವಕ್ಕೆ ಕಾರಿನಡಿಗೆ ಬಗ್ಗಿ, ಮೊಬೈಲಿನ ಬೆಳಕು ಬಿಡಿ. ಮಾರುವವರು ಏನಂದುಕೊಂಡಾರು ಎಂಬ ಸಂಕೋಚ ಬೇಡ. ಜರ್ಮನರು ಸಂತೆಯಲ್ಲಿ ಸೇಬನ್ನೂ ಹಾಗೆಯೇ ತಿರುಗಿಸಿ ನೋಡುತ್ತಾರೆ.

'ಟ್ಯೂಫ್ ಈಗಷ್ಟೇ ಆಗಿದೆ' ಎಂಬ ಮಾತಿಗೂ ಮರುಳಾಗಬೇಡಿ. ಅಲ್ಲಿ ಕಾರಿಗೆ ಎರಡು ವರ್ಷಕ್ಕೊಮ್ಮೆ ಟ್ಯೂಫ್ ಎಂದು ಕರೆಯುವ ಕಡ್ಡಾಯ ತಪಾಸಣೆ ಇದೆ, ಹೊಸ ಕಾರಿಗೆ ಮೊದಲ ಸಲ ಮೂರು ವರ್ಷಕ್ಕೆ. ನಮ್ಮಲ್ಲಿ ಸ್ವಂತ ಕಾರನ್ನು 15 ವರ್ಷದವರೆಗೆ ಸರ್ಕಾರ ಕಣ್ಣೆತ್ತಿ ನೋಡುವುದಿಲ್ಲ, ಆ ಮಟ್ಟಿಗೆ ಅವರ ಪದ್ಧತಿಯೇ ಮೇಲು, ಎರಡು ಮಾತಿಲ್ಲ. ಆದರೆ ತಪಾಸಣೆಯವರು ನೋಡುವುದು ಬಟನ್ನಿನ ಆಳ, ಬಿರುಕು, ಉಬ್ಬು. ಸಾಮಾನ್ಯ ಕಾರಿನ ಟೈರಿಗೆ ಇಂತಿಷ್ಟೇ ವಯಸ್ಸು ಎಂಬ ಕಾನೂನು ಜರ್ಮನಿಯಲ್ಲಿ ಇಲ್ಲ. ಬಿರುಕಿಲ್ಲದ ಒಂಬತ್ತು ವರ್ಷದ ಟೈರು ಸಲೀಸಾಗಿ ಪಾಸಾಗುತ್ತದೆ. ಹತ್ತು ವರ್ಷ ದಾಟಿದ್ದನ್ನು ಹೇಗಿದ್ದರೂ ಬದಲಿಸಿ ಎನ್ನುವುದು ದೊಡ್ಡ ತಯಾರಕರೇ ಹೇಳುವ ಮಾತು. ನಾನು ಬೇಸಿಗೆಯವಕ್ಕೆ ಎಂಟು, ಚಳಿಗಾಲದವಕ್ಕೆ ಆರು ವರ್ಷ ಎಂದು ಗೆರೆ ಎಳೆದುಕೊಂಡಿದ್ದೇನೆ. ಹೆಚ್ಚಾಯಿತು ಎನ್ನುವವರಿದ್ದಾರೆ, ಅವರು ಆ ಇಳಿಜಾರಿನಲ್ಲಿ ಇರಲಿಲ್ಲ.

ನಮ್ಮವರಿಗೆ ಇದು ಹೊಳೆಯದಿರಲು ಕಾರಣವಿದೆ. ದಾವಣಗೆರೆಯಿಂದ ಬೆಂಗಳೂರಿಗೆ ಓಡುವ ಟ್ಯಾಕ್ಸಿಯ ಟೈರು ಒಂದೆರಡು ವರ್ಷದಲ್ಲೇ ಬೋಳಾಗುತ್ತದೆ. ವಯಸ್ಸಾಗಲು ಅದಕ್ಕೆ ಪುರುಸೊತ್ತೇ ಇರುವುದಿಲ್ಲ. ಸವೆದರೆ ಬದಲಿಸು, ಲಾರಿಯದಾದರೆ ರೀಬಟನ್ ಮಾಡಿಸು ಎಂದಷ್ಟೇ ನಮ್ಮ ತಲೆಯಲ್ಲಿ ಕೂತಿದೆ. ಜರ್ಮನಿಯಲ್ಲಿ ಲೆಕ್ಕ ತಿರುಗುಮುರುಗು. ಎರಡು ಜೊತೆ ಇರುವುದರಿಂದ ಒಂದೊಂದು ಜೊತೆ ವರ್ಷಕ್ಕೆ ಆರು ತಿಂಗಳು ಮಾತ್ರ ಓಡುತ್ತದೆ. ನೀವು ವರ್ಷಕ್ಕೆ 8000 ಕಿಲೋಮೀಟರ್ ಓಡಿಸಿದರೆ ಪ್ರತಿ ಟೈರಿನ ಪಾಲಿಗೆ 4000. ನಲವತ್ತು ಸಾವಿರ ಓಡಬಲ್ಲ ಟೈರು ಆ ಲೆಕ್ಕದಲ್ಲಿ ಸವೆಯಲು ಹತ್ತು ವರ್ಷ ಬೇಕು. ಅಷ್ಟರೊಳಗೆ ರಬ್ಬರು ಗಟ್ಟಿಯಾಗಿ ಹೋಗಿರುತ್ತದೆ. ಚಳಿಗಾಲದ ಟೈರಿನ ಮರ್ಮವೇ ಮೆತ್ತನೆಯ ರಬ್ಬರು. ಥಂಡಿಯಲ್ಲೂ ಬಾಗಿ, ಬಟನ್ನಿನ ಮೇಲಿನ ಕೂದಲೆಳೆಯಂಥ ಸೀಳುಗಳಿಂದ ಹಿಮವನ್ನು ಹಿಡಿಯಬೇಕು. ಆ ಗುಣ ಹೋದ ಮೇಲೆ ಬಟನ್ ಏಳು ಮಿಲಿಮೀಟರ್ ಇದ್ದರೇನು, ಹತ್ತಿದ್ದರೇನು!

ಎರಡನೆಯ ಬಲೆಗೆ ಬಿದ್ದವರು ಚಿತ್ರದುರ್ಗದ ಒಂದು ಜೋಡಿ, ನಮ್ಮ ಪರಿಚಯದವರೇ. ಎರಡು ಜೊತೆಯ ರಗಳೆ ಬೇಡವೆಂದು ಸರ್ವಋತು ಟೈರು ಇರುವ ಕಾರನ್ನೇ ಕೊಂಡಿದ್ದರು. ಟೈರಿನ ಮೇಲೆ ಎಂ ಪ್ಲಸ್ ಎಸ್ ಎಂದಿತ್ತು, ಅಂದರೆ ಕೆಸರು ಮತ್ತು ಹಿಮ. ಒಂದು ಕಾಲಕ್ಕೆ ಅದು ಸಾಕಾಗಿತ್ತು. ಆದರೆ 2024ರ ಅಕ್ಟೋಬರ್ 1ರಿಂದ ಹಿಮದ ರಸ್ತೆಯಲ್ಲಿ ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿರುವ ಗುರುತು ಇದ್ದರೆ ಮಾತ್ರ ಮಾನ್ಯ. ಇವರದ್ದು 2016ರ ಟೈರು, ಅಕ್ಷರ ಇತ್ತು, ಬೆಟ್ಟ ಇರಲಿಲ್ಲ. ಆ ಚಳಿಗಾಲದಲ್ಲೇ ಹಿಮ ಬಿದ್ದ ರಾತ್ರಿ ಪೊಲೀಸರು ನಿಲ್ಲಿಸಿದರು. ಓಡಿಸುತ್ತಿದ್ದ ಗಂಡನಿಗೆ 60 ಯೂರೋ ದಂಡ ಮತ್ತು ಸಂಚಾರ ತಪ್ಪುಗಳನ್ನು ಬರೆದಿಡುವ ಫ್ಲೆನ್ಸ್‌ಬುರ್ಗಿನ ಖಾತೆಯಲ್ಲಿ ಒಂದು ಪಾಯಿಂಟ್. ಕಾರು ಹೆಂಡತಿಯ ಹೆಸರಿನಲ್ಲಿತ್ತು. ಇಂಥ ಟೈರಿನ ಕಾರನ್ನು ಓಡಿಸಲು ಬಿಟ್ಟದ್ದಕ್ಕೆ ಒಡತಿಗೆ 75 ಯೂರೋ, ಅವರಿಗೂ ಒಂದು ಪಾಯಿಂಟ್. ಒಂದೇ ಕಾರು, ಒಂದೇ ರಾತ್ರಿ, ಎರಡು ಕಾಗದ. ಅಂಥ ಎಂಟು ಪಾಯಿಂಟ್ ಸೇರಿದರೆ ಲೈಸೆನ್ಸ್ ಹೋಗುತ್ತದೆ.

ಇಷ್ಟಾಗಿ, ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಚಳಿಗಾಲದ ಟೈರು ಹಾಕಿ ಎಂದು ಆ ಕಾನೂನು ಹೇಳುವುದೇ ಇಲ್ಲ. ರಸ್ತೆಯ ಮೇಲೆ ಹಿಮ, ಮಂಜುಗಡ್ಡೆ, ಹಿಮದ ರಾಡಿ ಇದ್ದಾಗ ಹಾಕಿರಬೇಕು, ಅಷ್ಟೇ. ಅಕ್ಟೋಬರಿನಿಂದ ಈಸ್ಟರ್‌ವರೆಗೆ ಎಂಬುದು ಜನರ ರೂಢಿಮಾತು; 'ಓ'ದಿಂದ 'ಓ'ವರೆಗೆ ಎನ್ನುತ್ತಾರೆ, ಅವರ ಭಾಷೆಯಲ್ಲಿ ಈಸ್ಟರಿಗೂ 'ಓ'ಕಾರವೇ. ರೂಢಿಯನ್ನೇ ನಂಬಿ. ಮೊದಲ ಹಿಮ ಬಿದ್ದ ದಿನ ಫೋನ್ ಮಾಡಿದರೆ ಗ್ಯಾರೇಜಿನವರು ಮೂರು ವಾರದಾಚೆಯ ದಿನ ಕೊಡುತ್ತಾರೆ. ಸೆಪ್ಟೆಂಬರಿನಲ್ಲೇ ದಿನ ಗೊತ್ತುಮಾಡಿಕೊಳ್ಳಿ.

ಆಳದ ಕಾನೂನು ಇಲ್ಲೂ ಅಲ್ಲೂ ಒಂದೇ, ಕಾರಿಗೆ 1.6 ಮಿಲಿಮೀಟರ್. ಆದರೆ ಚಳಿಗಾಲದ ಟೈರು ನಾಲ್ಕಕ್ಕೆ ಇಳಿದರೆ ಬದಲಿಸಿ. ಎರಡು ಯೂರೋ ನಾಣ್ಯವನ್ನು ಬಟನ್‌ಗಳ ನಡುವಿನ ತೋಡಿನಲ್ಲಿ ನಿಲ್ಲಿಸಿದಾಗ ಅದರ ಬೆಳ್ಳಿಬಣ್ಣದ ಅಂಚು ಪೂರ್ತಿ ಮುಳುಗಬೇಕು, ಆ ಅಂಚು ಸುಮಾರು ನಾಲ್ಕು ಮಿಲಿಮೀಟರ್. ಆಸ್ಟ್ರಿಯಾಕ್ಕೆ ಹೋಗುವವರಿಗೆ ಇದು ಸಲಹೆಯಲ್ಲ, ಕಾನೂನು. ಅಲ್ಲಿ ನಾಲ್ಕಕ್ಕಿಂತ ಕಡಿಮೆಯಾದದ್ದನ್ನು ಚಳಿಗಾಲದ ಟೈರೆಂದೇ ಗಣಿಸುವುದಿಲ್ಲ.

ಇನ್ನು ಚಿಲ್ಲರೆ ವಿಷಯಗಳು. ಚಕ್ರ ಬದಲಿಸಿದ ಮೇಲೆ 50 ಕಿಲೋಮೀಟರ್ ಓಡಿಸಿ ಬೋಲ್ಟ್‌ಗಳನ್ನು ಮತ್ತೆ ಬಿಗಿ ಮಾಡಿಸಿ. ಬಿಲ್ಲಿನಲ್ಲಿ ಬರೆದಿರುತ್ತಾರೆ, ಯಾರೂ ಓದುವುದಿಲ್ಲ. ಎರಡೇ ಹೊಸ ಟೈರು ಕೊಂಡರೆ ಹೆಚ್ಚು ಬಟನ್ ಇರುವ ಜೊತೆ ಹಿಂದಕ್ಕೆ ಹೋಗಬೇಕು. ನಮ್ಮೂರಿನಲ್ಲಿ ಮುಂದಕ್ಕೆ ಹಾಕಿಕೊಡುತ್ತಾರೆ, ಇದರಲ್ಲಿ ನಾನು ಜರ್ಮನರ ಪಕ್ಷ. ಮುಂದಿನ ಚಕ್ರ ಜಾರಿದರೆ ಹೇಗೋ ಸಂಭಾಳಿಸಬಹುದು, ಹಿಂದಿನದು ಜಾರಿದರೆ ಕಾರೇ ಬುಗುರಿಯಾಗುತ್ತದೆ. ಅನೇಕ ಕಾರುಗಳಲ್ಲಿ ಸ್ಟೆಪ್ನಿ ಇರುವುದಿಲ್ಲ, ಅಂಟಿನ ಒಂದು ಬಾಟಲಿ ಮತ್ತು ಪುಟ್ಟ ಪಂಪ್ ಇರುತ್ತದೆ. ಆ ಬಾಟಲಿಗೂ ಅವಧಿ ಇದೆ, ತಾರೀಖು ನೋಡಿಕೊಳ್ಳಿ.

ಒಂದು ವಿಷಯದಲ್ಲಿ ಮಾತ್ರ ನಮ್ಮ ಊರೇ ವಾಸಿ. ಹಳೆಯ ಪಿ.ಬಿ. ರಸ್ತೆಯ ಪಂಕ್ಚರ್ ಅಂಗಡಿಯವನು ಗಾಳಿ ಹೊಡೆಯುತ್ತಲೇ ಟೈರಿನ ಮೇಲೆ ಕೈಯಾಡಿಸಿ, "ಸಾರ್, ಒಳಗಡೆ ತಿಂದಿದೆ, ಅಲೈನ್‌ಮೆಂಟ್ ಮಾಡಿಸಿ" ಎನ್ನುತ್ತಾನೆ. ಜರ್ಮನಿಯಲ್ಲಿ ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಗಾಳಿ ಯಂತ್ರ ಇರುತ್ತದೆ, ನೀವೇ ಹಾಕಿಕೊಳ್ಳಬೇಕು. ನಿಮ್ಮ ಟೈರನ್ನು ಆರು ತಿಂಗಳು ಯಾವ ಮನುಷ್ಯನೂ ಮುಟ್ಟುವುದಿಲ್ಲ.

ಇದನ್ನೆಲ್ಲ ಹುಡುಗನಿಗೆ ಹೇಳುವಾಗ ಅಪ್ಪ ಕೇಳಿಸಿಕೊಳ್ಳುತ್ತಿದ್ದರು. ಅವರ ಕಾರು ಹೊಂಗೆ ಮರದ ಕೆಳಗೆ ನಿಂತಿತ್ತು. ವರ್ಷಕ್ಕೆ ಮೂರು ಸಾವಿರ ಕಿಲೋಮೀಟರ್ ಓಡಿದರೆ ಹೆಚ್ಚು: ಹರಿಹರ, ಚಿತ್ರದುರ್ಗ, ಯಾವುದೋ ಮದುವೆ. ಇಬ್ಬರೂ ಮೊಬೈಲ್ ಬೆಳಕು ಹಿಡಿದು ಕೂತೆವು. 2214. ಬೆರಳಿನಿಂದ ಒತ್ತಿ ಅಗಲಿಸಿದರೆ ಬಟನ್ನುಗಳ ಬುಡದಲ್ಲಿ ಒಣಗಿದ ಕೆರೆಯ ತಳದಂತೆ ಬಿರುಕುಗಳು ಕಂಡವು. ನಮ್ಮ ಬಿಸಿಲು ನೆಲಮಾಳಿಗೆಗಿಂತ ಬೇಗ ರಬ್ಬರನ್ನು ತಿನ್ನುತ್ತದೆ. "ಬಟನ್ ಇದೆಯಲ್ಲೋ" ಎಂದರು ಅಪ್ಪ. ನಾನು 2017ರಲ್ಲಿ ಹೇಳಿದ್ದ ಮಾತೇ.

ಮಾರನೆಯ ದಿನ ನಾಲ್ಕನ್ನೂ ಬದಲಿಸಿದೆವು. ಡಿಕ್ಕಿಯಲ್ಲಿದ್ದ ಸ್ಟೆಪ್ನಿಯ ಮೇಲೆ ಹೊಸ ಟೈರಿಗಿರುವ ರಬ್ಬರಿನ ಎಳೆಗೂದಲು ಇನ್ನೂ ಹಾಗೇ ಇತ್ತು, ಅದೂ 2014ರದ್ದೇ. ಅದನ್ನೂ ಬದಲಿಸಿ ಎಂದೆ. "ಒಂದು ದಿನವೂ ಓಡಿಲ್ಲದ ಟೈರನ್ನು ಎಸೆಯುತ್ತಾರೇನೋ?" ಎಂದು ಅಂಗಡಿಯವನ ಮುಂದೆಯೇ ಬೈದರು. ಅಂಗಡಿಯವನೂ ಅಪ್ಪನ ಕಡೆಗೇ ಸೇರಿದ. ನನ್ನ ವಿಮಾನಕ್ಕೆ ಇನ್ನು ಐದು ದಿನ ಇದೆ, ಸ್ಟೆಪ್ನಿ ಇನ್ನೂ ಡಿಕ್ಕಿಯಲ್ಲೇ ಇದೆ.